ಹಗ್ಗದ ಇನ್ನೊಂದು ತುದಿ

ಹೋದ ತಿಂಗಳು ಒಬ್ಬ ಓದುಗ ಸೋದರಿ ಬರೆದ ಕಾಗದ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಊರು, ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. “ಬೆಳಿಗ್ಗೆ ಹತ್ತು ಗಂಟೆಗೆಲ್ಲ ಮನೆಗೆಲಸ ಮುಗಿದುಹೋಗುತ್ತದೆ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಯಜಮಾನರು ಪೇಪರು ಹಿಡಿದು ಕೂತರೆ ತಲೆ ಎತ್ತುವುದು ಊಟದ ಹೊತ್ತಿಗೇ. ಟೀವಿ ನೋಡಿ ಸಾಕಾಯಿತು, ಮೊಬೈಲು ಇನ್ನೂ ಬೇಗ ಸಾಕಾಯಿತು. ನನ್ನನ್ನು ಬೈಯುವವರು ಯಾರೂ ಇಲ್ಲ, ಕಾಯುವವರೂ ಯಾರೂ ಇಲ್ಲ. ಏನು ಮಾಡಲಿ, ಹೇಳಿ” ಎಂದು ಕೇಳಿದ್ದಾರೆ.

ಕಾಯುವವರು ಯಾರೂ ಇಲ್ಲ ಎಂಬ ಮಾತನ್ನು ಎರಡು ಸಲ ಓದಿದೆ.

ಇಂಥ ಕಾಗದ ಬಂದಾಗಲೆಲ್ಲ ಕಸೂತಿ ಕಲಿಯಿರಿ, ಲೈಬ್ರರಿಗೆ ಹೋಗಿ, ಭಜನಾ ಮಂಡಳಿ ಸೇರಿ ಎಂದು ಈ ಅಂಕಣದಲ್ಲೇ ಎಷ್ಟೋ ಸಾರಿ ಬರೆದಿದ್ದೇನೆ. ಅದೇನು ಕೆಟ್ಟ ಸಲಹೆಯಲ್ಲ. ಆದರೆ ನಿಮ್ಮಾಣೆ, ಆ ಮೂರರಲ್ಲಿ ಒಂದನ್ನೂ ನಾನು ಮಾಡಿದವಳಲ್ಲ. ಈ ಸಲ ನಾನು ನಿಜವಾಗಿ ಮಾಡುತ್ತಿರುವುದನ್ನೇ ಹೇಳಿಬಿಡುತ್ತೇನೆ. ನಗಬಾರದು. ವಾರಕ್ಕೆ ಮೂರು ದಿನ ಬೆಳಿಗ್ಗೆ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗುತ್ತೇನೆ. ನಮ್ಮ ಮನೆಯ ನಾಯಿಯನ್ನಲ್ಲ. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ. ಯಾರಿಗೂ ಸೇರದ ನಾಯಿಗಳನ್ನು.

ಮೊದಮೊದಲು ಎದುರು ಮನೆಯಾಕೆ ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸುತ್ತಿದ್ದರು. “ಸಂಬಳ ಎಷ್ಟು ಕೊಡ್ತಾರ್ರೀ?” “ಏನೂ ಇಲ್ಲ.” “ಅಯ್ಯೋ, ಮತ್ತೆ ಆಟೋ ಖರ್ಚು?” “ನಂದೇ.” “ಆ ಚಾರ್ಲಿ ಸಿನಿಮಾ ಬಂದಮೇಲೆ ಊರಿಗೂರೇ ಹೀಗಾಗಿದೆ ಬಿಡಿ.” 2022ರಲ್ಲಿ ಬಂದ ‘777 ಚಾರ್ಲಿ’ಯನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಅಳು ತಡೆಯೋಕಾಗಲ್ಲ ಅಂತ ಎಲ್ಲರೂ ಹೆದರಿಸಿದ್ದಾರೆ. ಕೊನೆಗೆ ಆಕೆ ದನಿ ತಗ್ಗಿಸಿ ಮುಖ್ಯವಾದ ಪ್ರಶ್ನೆಗೆ ಬಂದರು. “ಮನೆಗೆ ಬಂದು ಸ್ನಾನ ಮಾಡ್ತೀರಿ ತಾನೆ?” ಮಾಡುತ್ತೇನೆ. ಜೊತೆಗೆ ನಡೆದು ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಎಂದು ಧರ್ಮರಾಯ ಹಟ ಹಿಡಿದಾಗ ಇಂದ್ರನೂ ಹೆಚ್ಚುಕಡಿಮೆ ಇದೇ ಮೈಲಿಗೆಯ ಆಕ್ಷೇಪಣೆ ತೆಗೆದಿದ್ದನಂತೆ. ಎದುರು ಮನೆಯಾಕೆಯನ್ನು ನಾನು ಯಾಕೆ ದೂರಲಿ?

ಇರಲಿ, ಕೆಲಸ ಏನೆಂದು ಹೇಳುತ್ತೇನೆ. ಬೆಂಗಳೂರಿನ ಅಂಚಿನಲ್ಲಿ, ನೀಲಗಿರಿ ತೋಪಿನ ಪಕ್ಕ ಒಂದು ಪ್ರಾಣಿ ಆಶ್ರಯಧಾಮವಿದೆ. ಲಾರಿಗೆ ಸಿಕ್ಕು ಕಾಲು ಮುರಿದುಕೊಂಡವು, ಮನೆ ಖಾಲಿ ಮಾಡುವಾಗ ಯಜಮಾನರು ಗೇಟಿಗೆ ಕಟ್ಟಿಹಾಕಿಯೇ ಬಿಟ್ಟುಹೋದವು, ಮರಿಯಿದ್ದಾಗ ಮುದ್ದಾಗಿದ್ದು ಬೆಳೆದ ಮೇಲೆ ಬೇಡವಾದವು, ಎಲ್ಲ ಅಲ್ಲಿ ಸೇರುತ್ತವೆ. ಬೀದಿನಾಯಿ ಮಾತ್ರ ಅಂದುಕೊಳ್ಳಬೇಡಿ. ಸಾವಿರಗಟ್ಟಲೆ ಕೊಟ್ಟು ತಂದ ಜಾತಿನಾಯಿಗಳೂ ಇವೆ. ಕೆಲಸದವರು ನಾಲ್ಕೇ ಜನ. ಗೂಡು ತೊಳೆಯಬೇಕು, ಅನ್ನ ಬೇಯಿಸಬೇಕು, ಗಾಯಕ್ಕೆ ಮುಲಾಮು ಹಚ್ಚಬೇಕು, ಡಾಕ್ಟರು ಬಂದಾಗ ಹಿಡಿದುಕೊಳ್ಳಬೇಕು. ಅಷ್ಟರಲ್ಲಿ ಸಂಜೆಯಾಗುತ್ತದೆ. ನಾಯಿಗಳನ್ನು ಹೊರಗೆ ನಡೆಸಿಕೊಂಡು ಹೋಗಲು ಯಾರಿಗೆ ಪುರುಸೊತ್ತು?

ಮೂರಾಳುದ್ದದ ಗೂಡಿನಲ್ಲಿ ಹಗಲು ರಾತ್ರಿ ಇರುವ ನಾಯಿಯನ್ನು ನೀವು ನೋಡಬೇಕು. ಸುತ್ತಿದ್ದೇ ಸುತ್ತುತ್ತದೆ, ಗೋಡೆ ನೋಡಿಕೊಂಡು ಬೊಗಳುತ್ತದೆ, ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಅದನ್ನೇ ಅರ್ಧ ಗಂಟೆ ಹೊರಗೆ ನಡೆಸಿಕೊಂಡು ಬನ್ನಿ, ಮಧ್ಯಾಹ್ನವೆಲ್ಲ ಕಾಲು ಚಾಚಿ ನಿದ್ದೆ ಮಾಡುತ್ತದೆ. ಹಗ್ಗದಲ್ಲಿ ನೆಟ್ಟಗೆ ನಡೆಯುವ ಅಭ್ಯಾಸವಾದರೆ ಸಾಕಲು ಬರುವವರ ಕಣ್ಣಿಗೂ ಬೀಳುತ್ತದೆ. ಆ ಅರ್ಧ ಗಂಟೆಗೆ ಸ್ವಯಂಸೇವಕರು ಬೇಕು.

ನಾನು ಅಲ್ಲಿಗೆ ಹೋದದ್ದು ನಾಯಿ ಮೇಲಿನ ಪ್ರೀತಿಯಿಂದಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಎಂಟು ವರ್ಷದವಳಾಗಿದ್ದಾಗ ನಮ್ಮಣ್ಣನಿಗೆ ನಾಯಿ ಕಚ್ಚಿ, ಹೊಕ್ಕಳ ಸುತ್ತ 14 ಇಂಜೆಕ್ಷನ್ ಹಾಕಿಸಿದ್ದರು. ದಿನಾ ಬೆಳಿಗ್ಗೆ ಅಪ್ಪ ಅವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೊರಟಾಗ ಅವನು ಇಡುತ್ತಿದ್ದ ರಾಗ ಇಡೀ ಬೀದಿಗೆ ಕೇಳುತ್ತಿತ್ತು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತೇಹೋಯಿತು, ಈಗ ತೋಳಿಗೇ ಹಾಕುತ್ತಾರೆ. ಆದರೆ ನನ್ನ ತಲೆಯಲ್ಲಿ ಆ 14 ಹಾಗೇ ಉಳಿದಿತ್ತು. ರಸ್ತೆಯ ಈ ಬದಿಯಲ್ಲಿ ನಾಯಿ ಮಲಗಿದ್ದರೆ ಆ ಬದಿಗೆ ದಾಟುವವಳು ನಾನು.

ಯಜಮಾನರು ತೀರಿಕೊಂಡು ವರ್ಷ ಕಳೆದ ಮೇಲೆ ಬೀರು ಖಾಲಿ ಮಾಡಿದೆ. ಷರ್ಟು, ಪ್ಯಾಂಟು ತೆಗೆದುಕೊಳ್ಳುವವರು ಸಿಕ್ಕರು. ಹಳೆಯ ಪಂಚೆ, ಸವೆದ ದುಪ್ಪಟಿ, ಅವರು ಚಳಿಗಾಲದಲ್ಲಿ ಹೊದೆಯುತ್ತಿದ್ದ ಬೂದು ಬಣ್ಣದ ಕಂಬಳಿ, ಇವನ್ನು ಯಾರಿಗೆ ಕೊಡುವುದು? ನಾದಿನಿಯ ಮಗಳು ಹೇಳಿದಳು, “ಅತ್ತೆ, ಪ್ರಾಣಿಗಳ ಶೆಲ್ಟರಿನಲ್ಲಿ ಹಳೇ ಬಟ್ಟೆ ತಗೋತಾರೆ. ಬನ್ನಿ, ಕೊಟ್ಟು ಬರೋಣ.” ಗಂಟು ಕಟ್ಟಿಕೊಂಡು ಹೋದೆ. ಗೇಟಿನಲ್ಲೇ ಕೊಟ್ಟು ಓಡಿಬರುವ ಲೆಕ್ಕಾಚಾರ ನನ್ನದು. ಅಲ್ಲಿನ ಮೇಲ್ವಿಚಾರಕಿ, ಚಿಕ್ಕ ವಯಸ್ಸಿನ ಹುಡುಗಿ, “ಒಳಗೆ ಬಂದು ನೋಡಿ ಆಂಟಿ” ಎಂದಳು. ನೋಡುವಷ್ಟರಲ್ಲಿ ಆ ಬೂದು ಕಂಬಳಿಯನ್ನು ಕೊನೆಯ ಗೂಡಿನಲ್ಲಿ ಹಾಸಿ ಆಗಿತ್ತು, ಅದರ ಮೇಲೆ ಒಂದು ಕಪ್ಪು ಹೆಣ್ಣುನಾಯಿ ಗೋಡೆ ಕಡೆ ಮುಖ ಮಾಡಿ ಮುದುಡಿಕೊಂಡಿತ್ತು. ಯಜಮಾನರೂ ಹಾಗೇ, ಗೋಡೆ ಕಡೆಗೇ ತಿರುಗಿ ಮಲಗುತ್ತಿದ್ದರು.

“ಇದರ ಹೆಸರು?” ಎಂದೆ. “ಕಾಳಿ. ಬಂದು ಎರಡು ತಿಂಗಳಾಯ್ತು, ಗೂಡಿನಿಂದ ಹೊರಗೆ ಕಾಲಿಟ್ಟಿಲ್ಲ. ಕಪ್ಪು ನಾಯೀನ ಯಾರೂ ಬೇಗ ಕೇಳಲ್ಲ ಆಂಟಿ.”

ಮುಂದಿನ ಭಾನುವಾರ ಮತ್ತೆ ಹೋದೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನಾಯಿಗೆ ಹೆದರುವ ನನಗೆ ಮನುಷ್ಯರಿಗೆ ಹೆದರುವ ನಾಯಿಯನ್ನೇ ಕೊಟ್ಟರು. ಆ ಹುಡುಗಿಯ ಜಾಣತನ ನೋಡಿ! ಅವಳು ಹೇಳಿಕೊಟ್ಟದ್ದು ಇಷ್ಟೇ: ಬಾಗಿಲ ಹೊರಗೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಕೈ ಚಾಚಬೇಡಿ, ತಲೆ ಸವರಲು ಹೋಗಲೇಬೇಡಿ, ಬಾಯಿಗೆ ಬಂದದ್ದು ಮಾತಾಡಿ. ಮೊದಲ ಮೂರು ನನಗೇ ಬೇಕಾಗಿದ್ದವು. ಮಾತಿಗೇನು ಬರವೇ? ಅವತ್ತಿನ ಅಡಿಗೆ, ಹಾಲಿನವನ ತಕರಾರು, ಮಗಳ ಫೋನು, ಕೊನೆಗೆ ಯಜಮಾನರ ವಿಷಯ. ಒಂದು ವರ್ಷದಿಂದ ಯಾರ ಹತ್ತಿರವೂ ಆಡದೆ ಇಟ್ಟುಕೊಂಡಿದ್ದನ್ನು ಸ್ಟೂಲಿನ ಮೇಲೆ ಕೂತು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಮನುಷ್ಯರ ಹತ್ತಿರ ಹೇಳಿದರೆ ಅವರು ಸಮಾಧಾನ ಮಾಡಲು ಶುರುಮಾಡುತ್ತಾರೆ, ಆಮೇಲೆ ನಾವೇ ಅವರಿಗೆ ಸಮಾಧಾನ ಹೇಳಬೇಕಾಗುತ್ತದೆ. ನಿಮಗೂ ಅನುಭವ ಇರಬಹುದು.

ಮೂರನೆಯ ವಾರ ಅವಳು ಗೋಡೆ ಬಿಟ್ಟು ಈ ಕಡೆ ತಿರುಗಿ ಮಲಗಿದ್ದಳು. ನಾಲ್ಕನೆಯ ವಾರ ಬಾಗಿಲಿಗೆ ಬಂದು ನನ್ನ ಸೀರೆಯ ಸೆರಗು ಮೂಸಿ ಸೀನಿದಳು, ಪೌಡರು ಹೆಚ್ಚಾಗಿತ್ತೇನೋ. ಐದನೆಯ ವಾರ ಹಗ್ಗ ಹಾಕಿಸಿಕೊಂಡು ಗೇಟಿನವರೆಗೆ ಬಂದು, ಗೇಟು ನೋಡಿ, ವಾಪಸು ಓಡಿದಳು. ಆರನೆಯ ವಾರ ನಾವಿಬ್ಬರೂ ಗೇಟು ದಾಟಿದೆವು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಂದ ಶುರುವಾಗುತ್ತದೆ.

ಸೋದರಿಯರೇ, ನಾವು ಹೆಂಗಸರು ಆಯಸ್ಸಿನ ಅರ್ಧ ನಡೆದಿರುತ್ತೇವೆ. ಆದರೆ ಎಲ್ಲಿಗೆ? ಹಾಲಿಗೆ, ತರಕಾರಿಗೆ, ಮಕ್ಕಳ ಸ್ಕೂಲ್ ಬಸ್ಸಿಗೆ, ರೇಷನ್ ಅಂಗಡಿಗೆ, ದೇವಸ್ಥಾನಕ್ಕೆ. ಕೈಯಲ್ಲಿ ಚೀಲ ಇಲ್ಲದೆ, ಹೋಗುವ ಜಾಗ ಇಲ್ಲದೆ ಎಂದಾದರೂ ನಡೆದಿದ್ದೇವೆಯೇ? ಗಂಡಸರು ನಡೆಯುತ್ತಾರೆ, ಮೂಲೆಯ ಅಂಗಡಿ ಹತ್ತಿರ ನಿಲ್ಲುತ್ತಾರೆ, ಬೀಡಾ ಹಾಕಿಕೊಂಡು ಆಕಾಶ ನೋಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಒಬ್ಬ ಹೆಂಗಸು ರಸ್ತೆಯ ಪಕ್ಕ ಐದು ನಿಮಿಷ ಸುಮ್ಮನೆ ನಿಲ್ಲಲಿ ನೋಡೋಣ. “ಯಾರಿಗಮ್ಮ ಕಾಯ್ತಿದ್ದೀರಿ? ಆಟೋ ಬೇಕಾ? ಮನೆ ಎಲ್ಲಿ?” ಎಂದು ಮೂರು ಪ್ರಶ್ನೆ ಬರುತ್ತವೆ. ಪ್ರಶ್ನೆಗಿಂತ ಕೆಟ್ಟದ್ದೂ ಬರಬಹುದು. ಆದ್ದರಿಂದ ನಾವು ನಿಲ್ಲುವುದನ್ನೇ ಬಿಟ್ಟಿದ್ದೇವೆ, ಮರ ನೋಡುವುದಿದ್ದರೂ ನಡೆಯುತ್ತಲೇ ನೋಡುತ್ತೇವೆ.

ಕಾಳಿಗೆ ಹೋಗಬೇಕಾದ ಜಾಗವೇ ಇರಲಿಲ್ಲ. ಗೇಟು ದಾಟಿದ ಮೇಲೆ ಹತ್ತು ಹೆಜ್ಜೆ ಇಟ್ಟು ಒಂದು ಹುಲ್ಲುಗರಿಕೆಯ ಮುಂದೆ ನಿಂತುಬಿಟ್ಟಳು. ಮೂಸಿದಳು, ಮೂಸಿದಳು, ಒಂದೇ ಗರಿಕೆಯನ್ನು ಪೂರಾ ಮೂಸಿದಳು. ನಾನು “ಬಾರೇ” ಎಂದು ಎಳೆಯಹೋದೆ. ಮೇಲ್ವಿಚಾರಕಿ ಹಿಂದಿನಿಂದ, “ಎಳೀಬೇಡಿ ಆಂಟಿ, ಅದು ಅವಳ ಪೇಪರು ಓದೋದು” ಎಂದಳು. ಅಲ್ಲಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಯಾವಾಗ ಹೋಯಿತು, ಎಲ್ಲ ಮೂಗಿನಲ್ಲೇ ತಿಳಿಯುತ್ತದಂತೆ. ಕಾಲಿಗೆ ನಡಿಗೆ ಎಷ್ಟು ಮುಖ್ಯವೋ ನಾಯಿಯ ಮನಸ್ಸಿಗೆ ಈ ಮೂಸುವಿಕೆಯೂ ಅಷ್ಟೇ ಮುಖ್ಯ. ಸರಿ, ಅವಳು ಓದಿ ಮುಗಿಸುವವರೆಗೆ ನಾನು ನಿಂತೆ. ರಸ್ತೆಯಲ್ಲಿ. ಸುಮ್ಮನೆ. ಹಾಲಿನ ಗಾಡಿ ಹೋಯಿತು, ಶಾಲೆ ಮಕ್ಕಳು ಹೋದರು, ಒಬ್ಬರೂ ಏನೂ ಕೇಳಲಿಲ್ಲ. ನನ್ನ ಕೈಯಲ್ಲಿ ಹಗ್ಗವಿತ್ತಲ್ಲ! ಹಗ್ಗದ ಇನ್ನೊಂದು ತುದಿಯಲ್ಲಿ ನಾಯಿಯಿದ್ದರೆ ಹೆಂಗಸು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಎಂಬುದು ಅರವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು.

ಅಂದಿನಿಂದ ಎಷ್ಟು ನಿಂತಿದ್ದೇನೋ ಲೆಕ್ಕವಿಲ್ಲ. ಹೊಂಗೆ ಹೂ ಉದುರುವಾಗ ಕೇಳಿಯೂ ಕೇಳದ ಹಾಗೆ ಒಂದು ಸದ್ದು ಆಗುತ್ತದೆ. ಕೆರೆ ಏರಿಯ ಮೇಲೆ ಬೆಳ್ಳಕ್ಕಿಗಳು ಆರೂವರೆಗೆ ಒಂದು ಕಡೆ ಇದ್ದರೆ ಏಳಕ್ಕೆ ಇನ್ನೊಂದು ಕಡೆ ಇರುತ್ತವೆ. ಎಳನೀರಿನವನಿಗೆ ಮೊದಲು ನಾಯಿ ಪರಿಚಯವಾಗಿ ಆಮೇಲೆ ನಾನು ಪರಿಚಯವಾದೆ. “ಕಾಳಿಯಮ್ಮನೋರು ಬಂದ್ರು” ಎಂದು ಅವನು ನಮ್ಮಿಬ್ಬರಿಗೂ ಸೇರಿಸಿಯೇ ಹೇಳುತ್ತಾನೆ. ಹೂ ಕಟ್ಟುವ ಒಬ್ಬ ಅಜ್ಜಿ ತಾನು ಸಾಕಿದ್ದ ನಾಯಿಯ ಕಥೆಯನ್ನು ಪ್ರತಿ ಬುಧವಾರ ಹೊಸದಾಗಿ ಹೇಳುತ್ತಾರೆ. ಇಷ್ಟು ಜನ ನನಗೆ ಹೆಸರಿಡಿದು ಗೊತ್ತಾದದ್ದು ನಮ್ಮ ಬೀದಿಯಲ್ಲಿ 26 ವರ್ಷ ಇದ್ದರೂ ಆಗಿರಲಿಲ್ಲ.

ಆರೋಗ್ಯದ ಮಾತು ಹೇಳದಿದ್ದರೆ ಸಂಪಾದಕರು ಬಿಡುವುದಿಲ್ಲ. ವಾರಕ್ಕೆ ಕಡೇ ಪಕ್ಷ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಡಾಕ್ಟರು ಇದನ್ನು ಹತ್ತು ವರ್ಷದಿಂದ ಹೇಳಿದ್ದರು. ಮಹಡಿ ಮೇಲೆ ಸುತ್ತಿದೆ, ಎಣಿಸಿದೆ, ಎರಡು ವಾರಕ್ಕೆ ಬಿಟ್ಟೆ. ಈಗ ಎಣಿಸುವುದಿಲ್ಲ, ಬಿಡುವುದೂ ಇಲ್ಲ, ಏಕೆಂದರೆ ನಾನು ಹೋಗದಿದ್ದರೆ ಅವತ್ತು ಮೂರು ನಾಯಿ ಗೂಡಿನಲ್ಲೇ ಉಳಿಯುತ್ತವೆ. ಸಕ್ಕರೆ ಕಾಯಿಲೆ ವಾಸಿಯಾಯಿತು ಎಂದೇನೂ ನಾನು ಡಂಗುರ ಹೊಡೆಯುವುದಿಲ್ಲ, ಮಾತ್ರೆ ನುಂಗುತ್ತಲೇ ಇದ್ದೇನೆ. ಆದರೆ ಮೆಟ್ಟಿಲು ಹತ್ತುವಾಗ ಮಧ್ಯೆ ನಿಲ್ಲುವುದಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಸೂರು ನೋಡುವುದು ಕಡಿಮೆಯಾಗಿದೆ. 2015ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ನಾಯಿಯೂ ಅದರ ಯಜಮಾನನೂ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದಂತೆ. ತಾಯಿ ಮಗುವಿಗೆ ಹಾಲೂಡುವಾಗ ಬರುವ ರಸವೇ ಅದು. ಮಗಳು ಫೋನಿನಲ್ಲಿ ಇದನ್ನು ಹೇಳಿದಾಗ, “ಅದಕ್ಕೂ ಒಂದು ಹೆಸರಿಟ್ಟರಾ!” ಎಂದೆ.

ಅವಳೇ ಇನ್ನೊಂದನ್ನೂ ಹೇಳಿದಳು, ಅದು ನನಗೆ ಹೆಚ್ಚು ಹಿಡಿಸಿತು. ಸಾವಿರ ವರ್ಷದ ಹಿಂದೆ ಇನ್ನೊಬ್ಬಳು ಕಾಳಿ ಇದ್ದಳಂತೆ, ಅವಳಿಗೆ ಕಲ್ಲು ನೆಟ್ಟಿದ್ದಾರಂತೆ. ಒಂದು ದಿನ ಬಿಡುವು ಮಾಡಿಕೊಂಡು ಕಬ್ಬನ್ ಪಾರ್ಕಿನ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿಬಂದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಶಿಲಾಶಾಸನ ಅದು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ನಡೆದದ್ದು 949ರಲ್ಲಿ. ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರನ ಪರಾಕ್ರಮಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಮೆಚ್ಚಿ ಬೇಕಾದ್ದು ಕೇಳು ಎಂದಾಗ, ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುತ್ತಿರುವ ಚಿತ್ರವಿದೆ. ಸುತ್ತ ಇರುವ ಹಳಗನ್ನಡ ಅಕ್ಷರ ನನಗೆ ಓದಲು ಬರಲಿಲ್ಲ. ನಾಯಿಯ ಬೆನ್ನು ಮಾತ್ರ ನಮ್ಮ ಕಾಳಿಯದೇ. ನಮ್ಮವಳು ಹಂದಿ ಇರಲಿ, ಹೆಗ್ಗಣ ಕಂಡರೂ ನನ್ನ ಹಿಂದೆ ಬರುತ್ತಾಳೆ.

ಇನ್ನು ನನ್ನ ತಪ್ಪಿನ ಕಥೆ. ದೀಪಾವಳಿಗೆ ಎರಡು ದಿನ ಇತ್ತು. ಕೆರೆ ಏರಿಯ ಮೇಲೆ ನಡೆಯುವಾಗ ಮಗಳ ಫೋನು ಬಂತು. ಹಗ್ಗದ ಕುಣಿಕೆ ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ಮಾತಾಡುತ್ತ ನಿಂತೆ. ಎಲ್ಲೋ ಒಂದು ಆನೆ ಪಟಾಕಿ ಸಿಡಿಯಿತು. ಅಷ್ಟೇ, ಹಗ್ಗ ಕೈಯಲ್ಲಿಲ್ಲ, ಕಾಳಿ ಕಣ್ಣಿಗಿಲ್ಲ. ನಾಯಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ, ನಮಗೆ ಸದ್ದು ಅನಿಸುವುದು ಅದಕ್ಕೆ ಪೆಟ್ಟು. ಎರಡು ಗಂಟೆ ಕಾಲ ನಾನೂ, ಎಳನೀರಿನವನೂ, ಶೆಲ್ಟರಿನ ಇಬ್ಬರು ಹುಡುಗರೂ ಹುಡುಕಿದೆವು. “ಕಾಳೀ, ಕಾಳೀ” ಎಂದು ಅರವತ್ತಮೂರು ವರ್ಷದ ಹೆಂಗಸು ಲೇಔಟಿನಲ್ಲಿ ಕೂಗುತ್ತ ಅಳುತ್ತ ಓಡುವುದನ್ನು ಊಹಿಸಿಕೊಳ್ಳಿ. ಮುಖ್ಯರಸ್ತೆಯಲ್ಲಿ ಬ್ರೇಕ್ ಸದ್ದು ಕೇಳಿದಾಗಲೆಲ್ಲ ಎದೆ ನಿಂತಂತಾಗುತ್ತಿತ್ತು. ಕೊನೆಗೆ ಸಿಕ್ಕಿದ್ದು ಕಟ್ಟುತ್ತಿರುವ ಒಂದು ಮನೆಯ ಮರಳು ರಾಶಿಯ ಹಿಂದೆ, ನಡುಗುತ್ತ. ನಾನು ಪಕ್ಕಕ್ಕೆ ತಿರುಗಿ ಮರಳಿನ ಮೇಲೆ ಕೂತೆ, ಕೈ ಚಾಚಲಿಲ್ಲ, ಅವತ್ತಿನ ಅಡಿಗೆಯ ವಿಷಯ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಭಾರ ಬಿತ್ತು.

ಮೇಲ್ವಿಚಾರಕಿ ಚೆನ್ನಾಗಿಯೇ ಬೈದಳು. ಮಗಳ ವಯಸ್ಸಿನವಳ ಕೈಲಿ ಬೈಸಿಕೊಂಡೆ, ಬೇಕಾಗಿತ್ತು.

ಆದ್ದರಿಂದ, ನೀವು ಹೋಗುವುದಾದರೆ ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಿ, ಇನ್ನೊಂದು ಕೈಯಲ್ಲಿ ನಡುಭಾಗ ಹಿಡಿಯಿರಿ. ಬೆರಳಿಗೆ ಸುತ್ತಿಕೊಳ್ಳಲೇಬೇಡಿ, ನಾಯಿ ಜಗ್ಗಿದರೆ ಬೆರಳು ಮುರಿಯುತ್ತದೆ. ಫೋನು ಚೀಲದಲ್ಲಿರಲಿ. ಮೊದಲ ದಿನ ನನ್ನ ಹಾಗೆ ಸೀರೆ, ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ; ಚೂಡಿದಾರ್ ಹಾಕಿ, ದುಪಟ್ಟಾ ಬಿಟ್ಟು, ಬೂಟು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಟಾರು ರಸ್ತೆಗೆ ನಿಮ್ಮ ಮುಂಗೈ ಹಿಂಬದಿಯನ್ನು ಐದಾರು ಸೆಕೆಂಡು ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅದರ ಅಂಗಾಲಿಗೂ ತಡೆಯದು. ಬಾಲ ಅಲ್ಲಾಡಿಸಿದ ನಾಯಿಯೆಲ್ಲ ಸಂತೋಷದಲ್ಲಿದೆ ಎಂದುಕೊಳ್ಳಬೇಡಿ. ಮೈ ಬಿಗಿ ಹಿಡಿದು, ಬಾಲ ಮೇಲೆತ್ತಿ ಗಡಸಾಗಿ ಆಡಿಸಿದರೆ ದೂರ ಇರಿ. ನಿದ್ದೆಯಿಲ್ಲದೆಯೂ ಆಕಳಿಸುತ್ತ ಮತ್ತೆ ಮತ್ತೆ ತುಟಿ ನೆಕ್ಕಿಕೊಂಡರೆ ಅದಕ್ಕೆ ಗಾಬರಿಯಾಗಿದೆ ಎಂದರ್ಥ.

ಕಚ್ಚುವ ಭಯ ಸುಳ್ಳಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಾನು ಸೇರುವ ಮೊದಲು ಡಾಕ್ಟರನ್ನು ಕೇಳಿ ರೇಬೀಸಿನ ಮುಂಜಾಗ್ರತೆ ಲಸಿಕೆ ಹಾಕಿಸಿಕೊಂಡೆ, ನೀವೂ ಕೇಳಿ. ಒಂದು ವೇಳೆ ಹಲ್ಲು ತಾಗಿದರೆ, ಪರಚಿದರೂ ಸರಿಯೇ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಂಚೆ ಲಸಿಕೆ ಆಗಿದ್ದರೂ ಹೋಗಲೇಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತುವ ಹಳೆಯ ಪದ್ಧತಿ ದಯವಿಟ್ಟು ಬೇಡ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿಯಿಲ್ಲ, ಮೊದಲೇ ಲಸಿಕೆ ಹಾಕಿಸಿದರೆ ಬರುವುದೇ ಇಲ್ಲವೆನ್ನುವಷ್ಟು ತಡೆಯಬಹುದು.

ಪಕ್ಕದ ಪುಟದ ಅಡಿಗೆ ನೋಡಿ ನಾಯಿಗೂ ಒಂದು ಡಬ್ಬಿ ಒಯ್ಯುವ ಆಸೆ ನಿಮಗೆ ಬರಬಹುದು. ಕೇಳದೆ ಏನನ್ನೂ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿಯೂ ವಿಷವೇ, ಆದ್ದರಿಂದ ಹಬ್ಬದ ಪಾಯಸ, ಲಾಡು ಬೇಡ. ನಮ್ಮ ಶೆಲ್ಟರಿನಲ್ಲಿ ಒಪ್ಪುವುದು ಉಪ್ಪು, ಒಗ್ಗರಣೆ ಇಲ್ಲದೆ ಬೇಯಿಸಿದ ಸಿಹಿಗುಂಬಳ ಮತ್ತು ಕ್ಯಾರೆಟ್ಟು. ಸಣ್ಣಗೆ ಹೆಚ್ಚಿ ಡಬ್ಬಿಯಲ್ಲಿಟ್ಟುಕೊಂಡರೆ ದಾರಿಯುದ್ದಕ್ಕೂ ಒಂದೊಂದು ಕೊಡಬಹುದು.

ಎಲ್ಲಿ ಹೋಗಿ ಕೇಳುವುದು ಅಂತೀರಾ? ಬೆಂಗಳೂರಿನಲ್ಲಿ ಕ್ಯೂಪಾ ಇದೆ. 1991ರಲ್ಲಿ ಅದನ್ನು ಶುರುಮಾಡಿದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಅದಕ್ಕೂ ಮೊದಲು ಜೈಪುರದಲ್ಲಿ ಇಂಥದೇ ಸಂಸ್ಥೆ ಕಟ್ಟಿ, ಎಂಬತ್ತು ದಾಟಿದ ಮೇಲೆ ಇಲ್ಲಿಗೆ ಬಂದವರು. ಎಂಬತ್ತು! ನನಗೆ ವಯಸ್ಸಾಯಿತು ಎನ್ನುವ ಓದುಗರು ದಯವಿಟ್ಟು ಗಮನಿಸಿ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇವೆ. ಬೇರೆ ಊರಿನವರು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲ ಕಡೆಯೂ ನಡೆಸಲೇ ಕೊಡುತ್ತಾರೆಂದಲ್ಲ, ಕೆಲವು ಕಡೆ ಮೊದಲು ಪಾತ್ರೆ ತೊಳೆಸುತ್ತಾರೆ. ತೊಳೆಯಿರಿ, ನಮಗೇನು ಹೊಸದೇ?

ಕಾಳಿಯ ಕಥೆ ಮುಗಿದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಹನ್ನೊಂದು ವರ್ಷದ ಹುಡುಗಿ. ಆ ಹುಡುಗಿ ಗೂಡುಗಳನ್ನೆಲ್ಲ ನೋಡುತ್ತ ಬಂದು ಕಾಳಿಯ ಮುಂದೆ, ಯಾರೂ ಹೇಳಿಕೊಡದೆ, ಪಕ್ಕಕ್ಕೆ ತಿರುಗಿ ಕೂತುಕೊಂಡಿತು. ನಾನು ಆಗಲೇ ತಿಳಿದೆ. ಎರಡು ವಾರ ಅವರು ಬಂದು ಹೋಗಿ ಮಾಡಿದರು, ನನ್ನ ಜೊತೆಗೇ ನಡೆದರು, ಹಗ್ಗ ಹಿಡಿಯುವುದನ್ನು ಆ ಹುಡುಗಿಗೆ ನಾನೇ ಹೇಳಿಕೊಟ್ಟೆ. ಹೊರಡುವ ದಿನ ಕಾಳಿ ಕಾರು ಹತ್ತಲು ಒಪ್ಪಲಿಲ್ಲ. ಮೇಲ್ವಿಚಾರಕಿ ಓಡಿಹೋಗಿ ಗೂಡಿನಿಂದ ಆ ಬೂದು ಕಂಬಳಿ ತಂದು ಹಿಂದಿನ ಸೀಟಿಗೆ ಹಾಸಿದಳು. ಕಾಳಿ ಮೂಸಿದಳು, ಹತ್ತಿದಳು. ಕಾರು ಹೋಯಿತು. ಕಂಬಳಿಯೂ ಹೋಯಿತು.

ನೀವೇ ಯಾಕೆ ಮನೆಗೆ ಕರೆದುಕೊಂಡು ಬರಲಿಲ್ಲ ಎಂದು ಎದುರು ಮನೆಯಾಕೆ ಕೇಳಿದರು, ಆಕೆಯೇ, ನೋಡಿ! ರಾತ್ರಿಯೆಲ್ಲ ನಾನೂ ಅದನ್ನೇ ಕೇಳಿಕೊಂಡಿದ್ದೆ. ವರ್ಷಕ್ಕೆ ಮೂರು ತಿಂಗಳು ಮಗಳ ಮನೆಯಲ್ಲಿರುತ್ತೇನೆ, ನಮ್ಮದು ಮೂರನೆಯ ಮಹಡಿ, ಕಾಳಿಗೆ ಇನ್ನೂ ಮೂರೇ ವರ್ಷ, ಇನ್ನೊಂದು ಹತ್ತು ವರ್ಷ ಅವಳನ್ನು ನಡೆಸಲು ನನ್ನ ಮಂಡಿ ಒಪ್ಪಬೇಕಲ್ಲ. ಕಾರಣಗಳೆಲ್ಲ ಸರಿಯಾಗಿಯೇ ಇವೆ. ಆದರೂ ಆಟೋದಲ್ಲಿ ಕೂತು ಬರುವಾಗ ಡ್ರೈವರು ಎರಡು ಸಲ ಹಿಂದೆ ತಿರುಗಿ ನೋಡಿ, “ಯಾರಿಗಮ್ಮ ಏನಾಯ್ತು?” ಎಂದ. “ಮದುವೆ ಮಾಡಿ ಕಳಿಸಿದೆ” ಎಂದುಬಿಟ್ಟೆ.

ಮುಂದಿನ ಬುಧವಾರ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಭಾನುವಾರ ಐದೂವರೆಗೆ ಅಭ್ಯಾಸಬಲದಿಂದ ಎಚ್ಚರವಾಯಿತು, ಸುಮ್ಮನೆ ಮಲಗಿರಲು ಆಗಲಿಲ್ಲ. ಕೊನೆಯ ಗೂಡಿನಲ್ಲಿ ಹೊಸದಾಗಿ ಬಂದ ಒಂದು ಕಂದು ಗಂಡುನಾಯಿ ಇತ್ತು, ಬಲಗಿವಿ ಅರ್ಧ ಹರಿದಿದೆ. ಅದಕ್ಕೆ ಹಗ್ಗ ಕಂಡರೆ ಆಗುವುದಿಲ್ಲ, ಕಚ್ಚಿ ತುಂಡು ಮಾಡುತ್ತದೆ. ಈವರೆಗೆ ಮೂರು ಹಗ್ಗ ತಿಂದಾಗಿದೆ. ನಾನು ಸ್ಟೂಲು ಹಾಕಿಕೊಂಡು ಕೂತಿದ್ದೇನೆ.

ಕಾಗದ ಬರೆದ ಸೋದರಿಗೆ: ನಿಮ್ಮ ಊರು ಯಾವುದೆಂದು ನನಗೊಬ್ಬಳಿಗೆ ತಿಳಿಸಿ, ಅಕ್ಕಪಕ್ಕದಲ್ಲಿ ಎಲ್ಲಿ ಏನಿದೆ ಎಂದು ವಿಚಾರಿಸಿ ಬರೆಯುತ್ತೇನೆ. ಫೋನು ಮಾಡುವುದಾದರೆ ಬುಧವಾರ, ಶುಕ್ರವಾರ, ಭಾನುವಾರ ಬೆಳಿಗ್ಗೆ ಮಾತ್ರ ಬೇಡ. ಆಗ ಫೋನು ಚೀಲದಲ್ಲಿರುತ್ತದೆ.